ಜಯದೇವಿಯ ಟಿ.ಸಿ.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೆಯ ಇಸವಿ, ಮೇ ತಿಂಗಳು. ರೈಲಿನವರ ಮುಷ್ಕರ ನಡೆದು ಗಾಡಿಗಳೆಲ್ಲ ನಿಂತಲ್ಲೇ ನಿಂತಿದ್ದ ಕಾಲ. ಬೆಂಗಳೂರಿನ ರಾಜಾಜಿನಗರದಿಂದ ಹಾವೇರಿಗೆ ಮದುವೆಯ ದಿಬ್ಬಣವೊಂದು ಬಾಡಿಗೆ ಬಸ್ಸಿನಲ್ಲಿ ಹೋಯಿತು. ಹೋಗುವಾಗ ಬಸ್ಸಿನಲ್ಲಿ ಮೂವತ್ತೆಂಟು ಜನ, ಬರುವಾಗ ಮೂವತ್ತೊಂಬತ್ತು. ಹೆಚ್ಚಾಗಿ ಬಂದ ಆ ಒಬ್ಬಳು ಕಿಟಕಿಯ ಪಕ್ಕ ಕುಳಿತು ರಾಣೆಬೆನ್ನೂರು ದಾಟುವ ತನಕ ಅತ್ತಳು, ದಾವಣಗೆರೆಯಲ್ಲಿ ಚಹಾ ಕುಡಿದಳು, ಚಿತ್ರದುರ್ಗ ಬರುವ ಹೊತ್ತಿಗೆ ತನ್ನ ಹೊಸ ಹೆಸರನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ನೋಡಿದ್ದಳು. ಜಯದೇವಿ. ಅದು ಆಗಷ್ಟೇ ಅಂಗಡಿಯಿಂದ ತಂದ ಚಪ್ಪಲಿಯ ಹಾಗಿತ್ತು. ಚೆಂದವೇನೋ ಹೌದು, ಆದರೆ ಹೆಜ್ಜೆ ಇಟ್ಟಲ್ಲೆಲ್ಲ ಕಾಲಿನಲ್ಲಿರುವುದು ನೆನಪಾಗುತ್ತಿತ್ತು.

ಅವಳ ಹುಟ್ಟುಹೆಸರು ಬಸವರಾಜೇಶ್ವರಿ. ಹಾವೇರಿಯಲ್ಲಿ ಹತ್ತಿಕಾಳು, ಹಿಂಡಿ ಮಾರುವ ವೀರಭದ್ರಪ್ಪ ಬಣಕಾರರ ಮೂರನೆಯ ಮಗಳು. ಅಕ್ಕಂದಿರಿಬ್ಬರದೂ ಏಳನೆಯ ತರಗತಿಗೇ ಓದು ನಿಂತಿತ್ತು. ‘ಒಂದು ವರ್ಷ ತಡೀರಿ, ಮುಂದಿನ ವರ್ಷ ನೋಡೂಣು’ ಎಂದು ಮನೆಯಲ್ಲಿ ಹೇಳಿದ್ದರು. ಆ ಮುಂದಿನ ವರ್ಷ ಅವರಿಬ್ಬರ ಪಾಲಿಗೆ ಬರಲೇ ಇಲ್ಲ. ಇವಳ ಓದು ಉಳಿದದ್ದು ಅಪ್ಪನ ಕಣ್ಣಿನಿಂದ. ವೀರಭದ್ರಪ್ಪನವರ ಕಣ್ಣಿಗೆ ಪೊರೆ ಬಂದು, ಪೇಪರಿನಲ್ಲಿ ಬರುವ ಪೇಟೆ ಧಾರಣೆಯನ್ನು ದಿನಾ ಯಾರಾದರೂ ಓದಿ ಹೇಳಬೇಕಾಗಿತ್ತು. ಹತ್ತು ವರ್ಷದ ಹುಡುಗಿ ಓದಲು ಕುಳಿತಳು. ಧಾರಣೆ ಮುಗಿದ ಮೇಲೂ ಎದ್ದು ಹೋಗದೆ ಉಳಿದ ಪುಟಗಳನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಹಾಗೆ ಓದುತ್ತ ಓದುತ್ತ ಎಸ್.ಎಸ್.ಎಲ್.ಸಿ. ಮುಗಿಯಿತು, ಪಿ.ಯು.ಸಿ. ಮುಗಿಯಿತು, ಊರಿನ ಕಾಲೇಜಿನಲ್ಲಿ ಬಿ.ಎ. ಮೊದಲನೆಯ ವರ್ಷವೂ ಮುಗಿಯಿತು. ಅಷ್ಟರಲ್ಲಿ ಗಂಡು ಬಂತು.

ಗಂಡು ನಾಗಭೂಷಣ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮಾತು ಕಡಿಮೆ. ಅವನ ತಂದೆ ಕರಿಬಸಪ್ಪ ರಾಣೆಬೆನ್ನೂರು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ ಮಗನ ಮನೆಗೆ ಬಂದಿದ್ದವರು. ಮಾತುಕತೆಯ ದಿನ ವೀರಭದ್ರಪ್ಪನವರು, “ಹುಡುಗಿ ಓದಾಕತ್ತಾಳ್ರಿ, ಇನ್ನ ಎರಡು ವರ್ಷ ಉಳದೈತಿ” ಎಂದು ಮೆಲ್ಲಗೆ ಅಂದಾಗ, ಕರಿಬಸಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಲೇ, “ಓದಲಿ ಬಿಡ್ರಿ. ಬೆಂಗಳೂರಾಗ ಓಣಿಗೊಂದು ಕಾಲೇಜ ಅದಾವ. ವರ್ಗ ಮಾಡಿಸಿದ್ರ ಆತು. ಒಂದು ಅರ್ಜಿ ಕೆಲಸ” ಅಂದಿದ್ದರು. ಪರದೆಯ ಹಿಂದೆ ನಿಂತು ಆ ಮಾತು ಕೇಳಿಯೇ ಬಸವರಾಜೇಶ್ವರಿ ಮದುವೆಗೆ ಹೂಂ ಅಂದದ್ದು.

ಇನ್ನು ಹೆಸರಿನ ವಿಷಯ. ಆ ಸೀಮೆಯ ಪದ್ಧತಿಯೇ ಹಾಗೆ. ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ಮೇಲೆ ಒಂದು ಹಿತ್ತಾಳೆಯ ಪರಾತದಲ್ಲಿ ಅಕ್ಕಿ ಹರವಿ ಮದುಮಗನ ಮುಂದೆ ಇಡುತ್ತಾರೆ. ಅವನು ತನ್ನ ಉಂಗುರ ತೆಗೆದು ಅದರ ಅಂಚಿನಿಂದ ಅಕ್ಕಿಯ ಮೇಲೆ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಯಾವ ಹೆಸರು ಎನ್ನುವುದನ್ನು ಗಂಡಿನ ಮನೆಯವರು ಮೊದಲೇ ಗೊತ್ತು ಮಾಡಿರುತ್ತಾರೆ. ನಾಗಭೂಷಣನ ಕಿವಿಯಲ್ಲಿ ಅದನ್ನು ಉಸುರಿದವಳು ಅವನ ತಾಯಿ ಲಿಂಗಮ್ಮ. ಬಂಧುಬಳಗ ಬಗ್ಗಿ ನೋಡಿ ಜಯದೇವಿ, ಜಯದೇವಿ ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಯಾರೋ ಆ ಅಕ್ಕಿಯನ್ನು ಒಟ್ಟುಗೂಡಿಸಿ ಅಡುಗೆಗೆ ಒಯ್ದರು. ಹೆಸರು ಮಾತ್ರ ಉಳಿಯಿತು.

ರಾಜಾಜಿನಗರ ಮೂರನೇ ಬ್ಲಾಕಿನಲ್ಲಿ ಅವರದು ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಮನೆಯ ಒಡತಿ ಅನಂತಲಕ್ಷ್ಮಿ, ಪ್ರೈಮರಿ ಶಾಲೆಯ ಮೇಡಂ. ಹಿಂದಿನ ಎರಡು ಕೋಣೆ, ಒಂದು ಅಡುಗೆಮನೆ ಇವರದು. ಅಲ್ಲಿ ದಿನ ಬೆಳಗಾದರೆ ಜಯದೇವಿ ಎನ್ನುವ ಕೂಗು. ಒಲೆಯ ಮುಂದೆ ಕೂತು ಲಿಂಗಮ್ಮ ಕೂಗುತ್ತಿದ್ದಳು, ‘ಜಯದೇವೀ, ಉಪ್ಪಿನ ಡಬ್ಬಿ ತಾ.’ ಉಪ್ಪು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತಿತ್ತು. ‘ಜಯದೇವೀ, ನಲ್ಲಿ ಬಂತೇನ ನೋಡು.’ ನಲ್ಲಿ ಬಂದ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಹೊಸ ಸೊಸೆಯನ್ನು ಹದ್ದುಬಸ್ತಿನಲ್ಲಿ ಇಡುವ ರೀತಿ ಇದೇ ಇರಬೇಕು ಎಂದುಕೊಂಡು ಬಸವರಾಜೇಶ್ವರಿ ಪ್ರತಿ ಕೂಗಿಗೂ ಎದ್ದು ಹೋಗುತ್ತಿದ್ದಳು.

ಕರಿಬಸಪ್ಪನವರು ಮಾತು ತಪ್ಪುವ ಮನುಷ್ಯರಲ್ಲ. ಜೂನ್ ಕೊನೆಯ ವಾರ ಕೋಟು ಹಾಕಿ, ಟೋಪಿ ಇಟ್ಟು, ಸೊಸೆಯನ್ನು ಕರೆದುಕೊಂಡು ಹೆಣ್ಣುಮಕ್ಕಳ ಕಾಲೇಜಿಗೆ ಹೊರಟರು. ಮನೆಯಿಂದ ಕಾಲು ಗಂಟೆಯ ದಾರಿ. ಆಫೀಸಿನ ಕಿಟಕಿಯ ಹಿಂದೆ ಗುಮಾಸ್ತ ವೆಂಕಟಗಿರಿ ಕೂತಿದ್ದ. ಕಿವಿಯ ಮೇಲೊಂದು ಪೆನ್ಸಿಲು, ಮೂಗಿನ ತುದಿಯಲ್ಲಿ ಕನ್ನಡಕ.

“ಸೆಕೆಂಡ್ ಬಿ.ಎ.ಲಿ ನಾಲ್ಕು ಸೀಟಿದೆ ಸಾರ್. ಸಬ್ಜೆಕ್ಟೂ ಸರಿ ಹೋಗುತ್ತೆ. ಹಳೇ ಕಾಲೇಜಿಂದ ಟಿ.ಸಿ. ತರಿಸಿ, ಸೇರಿಸ್ಕೋತೀವಿ. ಯೂನಿವರ್ಸಿಟಿ ಬೇರೆ ಆದ್ರಿಂದ ಇನ್ನೊಂದೆರಡು ಕಾಗದ ಬೇಕು, ಅದು ಆಮೇಲೆ ತಂದ್ರೂ ನಡೆಯುತ್ತೆ. ಟಿ.ಸಿ. ಇಲ್ದೆ ಮಾತ್ರ ನಾನು ಪೆನ್ನಿನ ಕ್ಯಾಪೂ ತೆಗೆಯೋಲ್ಲ.”

“ಯಾವತ್ತಿನ ತನಕ ಅವಕಾಶ ಅದರೀ?”

“ಜುಲೈ ಮೂವತ್ತೊಂದು, ಸಾಯಂಕಾಲ ನಾಲ್ಕು ಗಂಟೆ. ನಾಲ್ಕೂಕಾಲಿಗೆ ಸಾಕ್ಷಾತ್ ಸರಸ್ವತಿ ಬಂದು ಟಿ.ಸಿ. ಹಿಡಿದು ನಿಂತ್ರೂ, ಮುಂದಿನ ವರ್ಷ ಬಾಮ್ಮಾ ಅಂತೀನಿ.”

ಕರಿಬಸಪ್ಪನವರು ನಕ್ಕರು. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಈ ಮಾತು ತವರಿನ ಮಾತಿನಂತೆ ಕೇಳಿಸಿರಬೇಕು. ಆದರೆ ಹಿಂದೆ ನಿಂತಿದ್ದ ಸೊಸೆಗೆ ಮುಂದಿನ ವರ್ಷ ಎನ್ನುವ ಮಾತಿಗೆ ನಗು ಬರಲಿಲ್ಲ. ಆ ಮಾತನ್ನು ಅವಳು ತನ್ನ ಮನೆಯಲ್ಲಿ ಎರಡು ಸಲ ಕೇಳಿದ್ದಳು.

ಮೂರನೇ ಬ್ಲಾಕಿನಲ್ಲಿ ಆಗ ಕರಿಬಸಪ್ಪನವರದೇ ಕೈಬರಹ ನಡೆಯುತ್ತಿತ್ತು. ನಲ್ಲಿ ಬೇಕೆಂದರೂ ಅವರ ಅರ್ಜಿ, ರೇಷನ್ ಕಾರ್ಡಿಗೂ ಅವರ ಅರ್ಜಿ, ಬಸ್ ನಿಲ್ಲಿಸುವ ಜಾಗ ಬದಲಾಗಬೇಕೆಂದು ಇಡೀ ಬೀದಿ ಸಹಿ ಮಾಡಿ ಕಳಿಸಿದ್ದೂ ಅವರು ಬರೆದ ಅರ್ಜಿಯೇ. ಫುಲ್‌ಸ್ಕೇಪ್ ಹಾಳೆಯ ಕಾಲು ಭಾಗ ಮಡಚಿ, ಹೆಬ್ಬೆರಳಿನ ಉಗುರಿನಿಂದ ಗೆರೆ ಎಳೆದು, ಅಂಚು ಬಿಟ್ಟೇ ಬರೆಯುವುದು. ‘ಅಂಚು ಬಿಡದ ಅರ್ಜಿ ಅಂದ್ರ ಅಂಗಿ ಇಲ್ಲದ ಮನಷ್ಯಾ ಇದ್ದಂಗ’ ಎನ್ನುತ್ತಿದ್ದರು. ಅವರ ಅರ್ಜಿ ತಿರುಗಿ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಹಾವೇರಿ ಕಾಲೇಜಿಗೆ ಅರ್ಜಿ ಬರೆಯಲು ಕೂತ ದಿನ ಸೊಸೆ ಪಕ್ಕದಲ್ಲಿ ಮಸಿ ಒತ್ತುವ ಕಾಗದ ಹಿಡಿದು ನಿಂತಿದ್ದಳು.

“ನಿನ್ನ ರೋಲ್ ನಂಬರ ಎಷ್ಟಿತ್ತವಾ?”

“ಎಪ್ಪತ್ತಮೂರ್ರಿ.”

ಅವರು ಬರೆದರು. ತುಂಬ ಚೆಂದದ ಅಕ್ಷರ. ‘ವಿಜ್ಞಾಪನೆ ಏನೆಂದರೆ, ನನ್ನ ಸೊಸೆಯಾದ ಸೌಭಾಗ್ಯವತಿ ಜಯದೇವಿ, ಶ್ರೀ ನಾಗಭೂಷಣ ಇವರ ಪತ್ನಿ, ತಮ್ಮ ಕಾಲೇಜಿನಲ್ಲಿ ರೋಲ್ ನಂಬರು ಎಪ್ಪತ್ತಮೂರರಲ್ಲಿ ವ್ಯಾಸಂಗ ಮಾಡಿದ್ದು...’

ಬಸವರಾಜೇಶ್ವರಿ ನೋಡಿದಳು. ತಪ್ಪು ಅವಳ ಕಣ್ಣಿಗೆ ಆಗಲೇ ಬಿತ್ತು. ಆದರೆ ಹೇಳುವುದು ಹೇಗೆ? ‘ಮಾವಾರ, ನನ್ನ ಹೆಸರು ಅದಲ್ರಿ’ ಎಂದರೆ ಏನರ್ಥವಾಗುತ್ತದೆ? ನೀವಿಟ್ಟ ಹೆಸರು ನನಗೆ ಬೇಡ ಎಂದ ಹಾಗಾಗುವುದಿಲ್ಲವೇ? ಮನೆಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಅದೂ ಅಲ್ಲದೆ, ಮೂವತ್ತು ವರ್ಷ ಕಾಗದದಲ್ಲೇ ಬದುಕಿದವರಿಗೆ ತಿಳಿಯದೇ ಇದ್ದೀತೇ, ಮದುವೆಯಾದವರ ಹೆಸರನ್ನು ಕಾಲೇಜಿನವರು ಹೇಗೋ ತಿಳಿದುಕೊಳ್ಳುತ್ತಾರೇನೋ ಎಂದು ತನಗೆ ತಾನೇ ಹೇಳಿಕೊಂಡಳು. ಮಸಿ ಒತ್ತಿದಳು. ಜಯದೇವಿ ಎನ್ನುವ ನಾಲ್ಕು ಅಕ್ಷರ ಆ ಕಾಗದದಲ್ಲಿ ತಿರುಗುಮುರುಗಾಗಿ ಮೂಡಿತು. ಲಕೋಟೆ ಅಂಚೆಗೆ ಹೋಯಿತು.

ಆಮೇಲೆ ಕಾಯುವ ಕೆಲಸ. ಪೋಸ್ಟ್‌ಮನ್ ಬರುವುದು ಹನ್ನೊಂದು ಗಂಟೆಗೆ. ಹತ್ತೂವರೆಗೇ ಅವಳು ಒಂದಲ್ಲ ಒಂದು ನೆಪ ಮಾಡಿ ಗೇಟಿನ ಹತ್ತಿರ ಹೋಗುತ್ತಿದ್ದಳು. ಅನಂತಲಕ್ಷ್ಮಿ ಮೇಡಂ ಒಂದು ದಿನ ನಕ್ಕು, “ಏನಮ್ಮಾ ಜಯಾ, ನಮ್ಮ ಗೇಟಿಗೆ ನೀನೇ ಕಾವಲಾ? ಬಾಡಿಗೇಲಿ ಒಂಚೂರು ಬಿಟ್ಕೊಡ್ಲಾ?” ಎಂದು ಕೆಣಕಿದ್ದರು.

ಜುಲೈ ಹದಿನೆಂಟಕ್ಕೆ ಉತ್ತರ ಬಂತು. ಕರಿಬಸಪ್ಪನವರು ಕನ್ನಡಕ ಏರಿಸಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಕಾಗದವನ್ನು ಸೊಸೆಯ ಕೈಗೆ ಕೊಟ್ಟರು. ‘ಜಯದೇವಿ ಎಂಬ ಹೆಸರಿನ ವಿದ್ಯಾರ್ಥಿನಿ ನಮ್ಮ ಕಾಲೇಜಿನಲ್ಲಿ ಓದಿದ ದಾಖಲೆ ಇರುವುದಿಲ್ಲ. ತಾವು ತಿಳಿಸಿದ ನಂಬರು ಕುಮಾರಿ ಬಸವರಾಜೇಶ್ವರಿ ವೀರಭದ್ರಪ್ಪ ಬಣಕಾರ ಇವಳದಾಗಿರುತ್ತದೆ. ಒಬ್ಬರ ಟಿ.ಸಿ.ಯನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.’

ಅವಳು ಎರಡೂ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಒಂದೇ ಕಾಗದದಲ್ಲಿ ಅವಳು ಇಬ್ಬರಾಗಿದ್ದಳು. ಇಬ್ಬರಲ್ಲಿ ಒಬ್ಬಳಿಗೂ ಟಿ.ಸಿ. ಇರಲಿಲ್ಲ.

ಇನ್ನೇನು, ಹಳೆಯ ಹೆಸರು ಹಾಕಿ ಇನ್ನೊಂದು ಅರ್ಜಿ ಬರೆದರೆ ಮುಗಿಯಿತಲ್ಲ ಅನ್ನಬಹುದು. ಮುಗಿಯಲಿಲ್ಲ. ಕರಿಬಸಪ್ಪನವರ ಅರ್ಜಿ ಜೀವಮಾನದಲ್ಲಿ ಮೊದಲ ಸಲ ತಿರುಗಿ ಬಂದಿತ್ತು. ಅವರು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬಂದು ತೀರ್ಪು ಕೊಟ್ಟರು.

“ಒಂದ ಹೊಲಕ್ಕ ಎರಡು ಹೆಸರ ಇದ್ರ ವ್ಯಾಜ್ಯ ಹುಟ್ಟತದ. ನಾ ಇದನ್ನ ಮೂವತ್ತು ವರ್ಷ ನೋಡೀನಿ. ರೇಷನ್ ಕಾರ್ಡಿನ್ಯಾಗ ಜಯದೇವಿ, ಕಾಲೇಜಿನ್ಯಾಗ ಇನ್ನೊಂದು, ಇದೆಲ್ಲ ಬ್ಯಾಡ. ಕೋರ್ಟಿನ್ಯಾಗ ಅಫಿಡವಿಟ್ ಮಾಡಸೂಣು. ಎಸ್.ಎಸ್.ಎಲ್.ಸಿ.ಯಿಂದ ಹಿಡದು ಎಲ್ಲಾ ಕಡೆ ಹೆಸರ ತಿದ್ದಿಸಿ, ಆಮ್ಯಾಲ ಕಾಲೇಜು. ದಾಖಲೆ ಅಂದ ಮ್ಯಾಲ ಚೊಕ್ಕ ಇರಬೇಕು.”

“ಎಷ್ಟ ದಿನ ಹಿಡೀತದ ಅಪ್ಪಾರ?” ನಾಗಭೂಷಣ ಕೇಳಿದ.

“ಒಂದ ವರ್ಷ ಹೋಗತದ. ಹೋಗಲಿ, ಏನಾತು?”

ನಾಗಭೂಷಣ ಹೆಂಡತಿಯ ಮುಖ ನೋಡಿದ, ತಂದೆಯ ಮುಖ ನೋಡಿದ, ಪೇಟೆಯಲ್ಲಿ ಕೆಲಸವಿದೆಯೆಂದು ಸೈಕಲ್ ತೆಗೆದ. ಸೇರುವ ಫಾರಮಿನಲ್ಲಿ ಪೋಷಕರ ಸಹಿ ಬೇಕು. ತಂದೆ ಬೇಡವೆಂದ ಕಾಗದಕ್ಕೆ ಅವನು ಸಹಿ ಹಾಕುವವನಲ್ಲ ಎನ್ನುವುದು ಎರಡು ತಿಂಗಳಲ್ಲೇ ಅವಳಿಗೆ ತಿಳಿದಿತ್ತು. ಲಿಂಗಮ್ಮ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದಳು. ಆಮೇಲೆ ಒಲೆಯ ಕಡೆ ಹೋದಳು.

ಮರುದಿನ ತರಕಾರಿ ತರುವ ನೆಪದಲ್ಲಿ ಬಸವರಾಜೇಶ್ವರಿ ಒಬ್ಬಳೇ ಕಾಲೇಜಿನ ಕಿಟಕಿಗೆ ಹೋದಳು. ವೆಂಕಟಗಿರಿ ಕಾಗದ ಓದಿ ನಗಲಿಲ್ಲ, ಅದೇ ದೊಡ್ಡ ಸಮಾಧಾನ.

“ನೋಡಮ್ಮಾ, ಯಾವ ಹೆಸರಲ್ಲಿ ಪರೀಕ್ಷೆ ಬರೆದ್ರೋ ಆ ಹೆಸರಲ್ಲೇ ಓದ್ಬೇಕು. ಮನೇಲಿ ಚಿನ್ನ ಅಂತಾರೋ ರನ್ನ ಅಂತಾರೋ ಅದು ನಮಗೆ ಬೇಡ. ಹೆಸರು ತಿದ್ದಿಸೋಕೆ ಹೊರಟ್ರೆ ಎಂಟು ತಿಂಗಳೂ ಆಗುತ್ತೆ, ಎರಡು ವರ್ಷನೂ ಆಗುತ್ತೆ. ನಿಮ್ಮಿಷ್ಟ.”

“ಸೀಟು ಇನ್ನೂ ಅದಾವೇನ್ರಿ?”

“ಎರಡಿದೆ. ಇವತ್ತು ಬೆಳಿಗ್ಗೆ ಮೂರಿತ್ತು.”

ಹಿಂದಿರುಗುವಾಗ ಅವಳು ತರಕಾರಿ ಕೊಳ್ಳುವುದನ್ನೇ ಮರೆತಳು. ದಾರಿಯುದ್ದಕ್ಕೂ ಮನಸ್ಸು ಲೆಕ್ಕ ಹಾಕುತ್ತಿತ್ತು. ಮುಂದಿನ ವರ್ಷದ ಜುಲೈಗೆ ತಾನು ಎಲ್ಲಿರುತ್ತೇನೆ? ಬಾಣಂತನಕ್ಕೆ ಹಾವೇರಿಯಲ್ಲಿರಬಹುದು. ಅದರ ಮುಂದಿನ ವರ್ಷ ಮಗುವಿಗೆ ಹಲ್ಲು ಬರುತ್ತಿರುತ್ತದೆ. ಬೇಡ ಎಂದು ಯಾರೂ ಅನ್ನುವುದಿಲ್ಲ. ಅಕ್ಕಂದಿರಿಗೂ ಯಾರೂ ಬೇಡ ಅಂದಿರಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ತಪ್ಪಿನಲ್ಲಿ ತನ್ನ ಪಾಲೂ ಇದೆಯಲ್ಲ ಎನ್ನುವುದು ಅವಳನ್ನು ಹೆಚ್ಚು ಕುಟುಕುತ್ತಿತ್ತು. ಅಂದು ಮಸಿ ಒತ್ತುವ ಬದಲು ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಹೀಗೆ ಏಳು ದಿನ ಸುಮ್ಮನೆ ಹೋದವು. ಎಂಟನೆಯ ದಿನ, ಶುಕ್ರವಾರ ಬೆಳಿಗ್ಗೆ, ಲಿಂಗಮ್ಮ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಹಂಚಿನ ಮುಂದೆ ಕೂತು ಬೇಯಿಸುತ್ತಿದ್ದಳು. ಮರದ ಕೊಣಮಿಗೆಯಲ್ಲಿ ಹಿಟ್ಟು ನಾದುವ ಸದ್ದು, ಅಂಗೈ ಬಡಿಯುವ ಸದ್ದು ಒಂದಾದ ಮೇಲೊಂದು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಬಸವರಾಜೇಶ್ವರಿ ಹಂಚು ನೋಡುತ್ತಲೇ ಹೇಳಿದಳು.

“ಅತ್ತೀ, ಹೆಸರ ಇಟ್ಟಾವ್ರು ನೀವು. ನೀವು ಒಂದ ಮಾತ ಅಂದ್ರ ಮಾವಾರು ಅರ್ಜಿ ಬರೀತಾರ್ರಿ.”

ಲಿಂಗಮ್ಮನ ಕೈ ನಿಲ್ಲಲಿಲ್ಲ. “ಯಾಕ, ಆ ಹೆಸರು ನಿನಗ ಸೇರಲಿಲ್ಲೇನು?”

“ಸೇರಲಿಲ್ಲ ಅಂತಲ್ರೀ.” ಅವಳು ರೊಟ್ಟಿಯ ಅಂಚು ಒತ್ತಿದಳು. “ಆ ಹೆಸರಿಲೆ ನಾ ಓದಿಲ್ರಿ. ಅಷ್ಟ.”

“ಆ ಹೆಸರಿಲೆ ನಾನೂ ಭಾಳ ಓದಲಿಲ್ಲ.”

ಸೊಸೆ ತಲೆಯೆತ್ತಿದಳು. ಲಿಂಗಮ್ಮ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ಬಡಿಯುತ್ತ, ರೊಟ್ಟಿಗೇ ಹೇಳುವವಳ ಹಾಗೆ ಮಾತಾಡಿದಳು.

“ಜಯದೇವಿ ಅಂದ್ರ ನಾನ. ನಮ್ಮಪ್ಪ ಇಟ್ಟದ್ದು. ಸವಣೂರಾಗ ಸಾಲಿಗೆ ಹೋಗ್ತಿದ್ದೆ. ಎರಡನೇ ಇಯತ್ತೆ. ಮಾಸ್ತರು ಹಾಜರಿ ಕರಿಯೂ ಮುಂದ ಜಯದೇವಿ ಅಂತ ಕೂಗಿದ್ರ ಹೊರಗ ರಸ್ತೆ ತನಕ ಕೇಳತಿತ್ತು, ಅಂಥಾ ದನಿ ಅವರದು. ಹನ್ನೊಂದಕ್ಕ ಮದುವಿ ಮಾಡಿದ್ರು, ಈಗ ನಲವತ್ತೆರಡು ವರ್ಷಾತು. ಅಕ್ಕ್ಯಾಗ ಲಿಂಗಮ್ಮ ಅಂತ ಬರದ್ರು. ಅವ್ವ ಇರೂ ತನಕ ತವರಿಗೆ ಹೋದಾಗ ಜಯಾ ಅಂತಿದ್ಲು. ಅವ್ವ ಹೋಗಿ ಹದಿನೇಳು ವರ್ಷಾತು. ಆಮ್ಯಾಲ ಆ ಹೆಸರು ಯಾರ ಬಾಯಾಗೂ ಬರಲಿಲ್ಲ. ಕೇಳಬೇಕನಸ್ತು. ಹೆಣ್ಣ ಹುಟ್ಟಿದ್ರ ಇಡತಿದ್ದೆ, ಹುಟ್ಟಲಿಲ್ಲ. ನೀ ಬಂದಿ.”

ಹಂಚಿನ ಮೇಲೆ ರೊಟ್ಟಿ ಕರ್ರಗಾಗುತ್ತಿತ್ತು. ಬಸವರಾಜೇಶ್ವರಿಗೆ ಉಪ್ಪಿನ ಡಬ್ಬಿಯ ಕೂಗು, ನಲ್ಲಿಯ ಕೂಗು, ದಿನಕ್ಕೆ ನಲವತ್ತು ಸಲ ಕೇಳಿದ ಕೂಗುಗಳೆಲ್ಲ ಒಟ್ಟಿಗೆ ಕೇಳಿಸಿದವು. ಅತ್ತೆ ಕರೆಯುತ್ತಿದ್ದದ್ದು ತನ್ನನ್ನಲ್ಲ. ತಾನು ಓಗೊಟ್ಟದ್ದು ಬೇರೆ ಯಾರದೋ ಪರವಾಗಿ. ಅವಳಿಗೆ ಸಿಟ್ಟು ಬರಬೇಕಾಗಿತ್ತೋ ಏನೋ, ಬರಲಿಲ್ಲ. ತನ್ನ ಹೆಸರು ಹೋಗಿ ಎರಡು ತಿಂಗಳಿಗೇ ಇಷ್ಟು ಸಂಕಟವಾದರೆ, ಅತ್ತೆ ನಲವತ್ತೆರಡು ವರ್ಷ ಹೇಗೆ ಕಳೆದಿರಬಹುದು ಎಂದು ಯೋಚಿಸಿದಳು.

“ಹಂಗಾದ್ರ ಬಿಡ್ರಿ ಅತ್ತೀ,” ಎಂದಳು. “ಮಾವಾರು ಹೇಳಿದಂಗ ತಿದ್ದಸೂಣು. ಒಂದ ವರ್ಷ ಅಷ್ಟ ಅಲ್ರೀ?”

ಲಿಂಗಮ್ಮನ ಕೈ ಈಗ ನಿಂತಿತು. ಹಿಟ್ಟಿನ ಕೈಯಲ್ಲೇ ಸೊಸೆಯ ತೋಳಿಗೆ ಒಂದು ಏಟು ಬಿತ್ತು.

“ಒಂದ ವರ್ಷ ಅಂತ, ಒಂದ ವರ್ಷ! ನನಗೂ ಒಂದ ವರ್ಷ ಅಂದಿದ್ರು. ‘ಮದುವಿ ಮುಗೀಲಿ, ಒಂದ ವರ್ಷ ಬಿಟ್ಟು ಮತ್ತ ಸಾಲಿಗೆ ಕಳಸ್ತೇವಿ’ ಅಂದಿದ್ದ ನಮ್ಮಪ್ಪ. ಎರಡನೇ ಇಯತ್ತೆ ದಾಟದ ಹೆಸರು ನಂದು. ಅದನ್ನ ಹೊತ್ಕೊಂಡು ನೀ ಕಾಲೇಜಿಗೆ ಹೆಂಗ ಹೊಕ್ಕೀ? ಏಳು, ಆ ರೊಟ್ಟಿ ತಗಿ, ಸುಟ್ಟ ಹೋತು.”

ಕೈ ತೊಳೆದುಕೊಂಡು, ಸೆರಗು ಬಿಗಿದು, ಅವಳು ಹೊರಗಿನ ಕೋಣೆಗೆ ಹೋದಳು. ಕರಿಬಸಪ್ಪನವರು ಪೇಪರು ಓದುತ್ತಿದ್ದರು.

“ಕೇಳಿದ್ರೇನು? ಆ ಹುಡುಗಿ ಅರ್ಜಿ ಆಕಿ ಹಳೇ ಹೆಸರಿಲೆ ಬರೀರಿ.”

“ನೀನ ಆರಿಸಿ ಇಟ್ಟ ಹೆಸರು, ಮತ್ತ ನೀನ ಬ್ಯಾಡಂತೀ?”

“ಆರಿಸಿದ್ದಲ್ಲ. ಅದು ನಂದು.”

“ನಿಂದಂದ್ರ?”

“ನನ್ನ ಹೆಸರು. ಮದುವಿಕಿಂತ ಮೊದಲಿಂದು.”

ಕರಿಬಸಪ್ಪನವರು ಪೇಪರು ಇಳಿಸಿದರು. “ನಿನ್ನ ಹೆಸರು ಲಿಂಗಮ್ಮ ಅಲ್ಲೇನು?”

“ಅದು ನೀವ ಅಕ್ಕ್ಯಾಗ ಬರದದ್ದು. ಹದಿನೆಂಟ ವರ್ಷದಾಂವ ಇದ್ರಿ. ಲಿಂಗಮ್ಮನ ಒತ್ತಕ್ಷರ ಮರತ್ರಿ, ನಿಮ್ಮ ಕಾಕಾ ತಿದ್ದಿದ್ರು.”

ರಾಣೆಬೆನ್ನೂರು ತಾಲೂಕಿನ ಯಾವ ಊರಿನ ಯಾವ ಸರ್ವೆ ನಂಬರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದನ್ನು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ ಅವರು. ಆದರೆ ನಲವತ್ತೆರಡು ವರ್ಷದಲ್ಲಿ ಎಲ್ಲಿದ್ದಿ ಎಂದೂ, ಕೇಳತೇನ ಎಂದೂ ಕರೆದಿದ್ದರೇ ಹೊರತು ಹೆಂಡತಿಯ ಹೆಸರು ಹಿಡಿದು ಕರೆದವರಲ್ಲ. ಮದುವೆಯ ಮಾತುಕತೆಯಲ್ಲಿ ಒಮ್ಮೆ ಕಿವಿಗೆ ಬಿದ್ದ ಹೆಸರು ಎಲ್ಲಿ ನೆನಪಿರಬೇಕು? ಪೇಪರು ಮಡಚಿಟ್ಟರು. ಆಮೇಲೆ ಎದ್ದು ಪೆಟ್ಟಿಗೆಯಿಂದ ಒಂದು ಫುಲ್‌ಸ್ಕೇಪ್ ಹಾಳೆ ತೆಗೆದರು.

“ನಾನ ಬರೀತೀನ್ರಿ ಮಾವಾರ,” ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

ಅವರು ಅವಳ ಮುಖ ನೋಡಿ ಹಾಳೆ ಚಾಚಿದರು. ಅವಳು ನೆಲದ ಮೇಲೆ ಕೂತು ತನ್ನ ಪೂರ್ತಿ ಹೆಸರು, ತಂದೆಯ ಹೆಸರು, ಅಡ್ಡಹೆಸರು, ರೋಲ್ ನಂಬರು ಎಲ್ಲ ಬರೆದಳು. ಕೆಳಗೆ ಸಹಿ ಮಾಡಿದಳು. ಕರಿಬಸಪ್ಪನವರು ಓದಿ, ತಿದ್ದಲು ಏನೂ ಸಿಗದೆ, “ಅಂಚು ಎರಡು ಬಟ್ಟು ಕಡಿಮಿ ಆತು. ಇರಲಿ, ನಡೀತದ” ಎಂದರು.

ಅಂಚೆಗೆ ಹಾಕುವ ಸಮಯ ಮೀರಿತ್ತು. ಶನಿವಾರ ಬೆಳಗಿನ ಬಸ್ಸಿಗೆ ಮಾವ ಸೊಸೆ ಇಬ್ಬರೂ ಹಾವೇರಿಗೆ ಹೊರಟರು. ಭಾನುವಾರ ತವರಿನಲ್ಲಿ ಕಳೆಯಿತು. ಸೋಮವಾರ ಕಾಲೇಜಿನ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಹೆಡ್ ಕ್ಲಾರ್ಕ್ ಗುರುಸಿದ್ದಯ್ಯ ಅವಳನ್ನು ಕಂಡವನೇ ದೊಡ್ಡ ದನಿಯಲ್ಲಿ, “ಏನವಾ ಬಣಕಾರ! ಚಲೋ ಆತು ನೀನ ಬಂದದ್ದು. ಯಾಕೀನೋ ಒಬ್ಬಾಕಿ ಜಯದೇವಿ ಅಂತ, ನಿನ್ನ ನಂಬರ ಹಾಕಿ ನಿನ್ನ ಟಿ.ಸಿ. ಹೊಡಕೊಂಡು ಹೋಗಾಕ ನೋಡಿದ್ಲು. ನಾ ಬಿಡ್ತೀನೇನು? ಅರ್ಜಿ ಬರದಾಂವ ಭಾರಿ ಪಳಗಿದಾಂವ, ಅಂಚು ಕಿಂಚು ಬಿಟ್ಟು ಮಸ್ತ ಬರದಿದ್ದ” ಎಂದ.

ಕರಿಬಸಪ್ಪನವರು ಗಂಟಲು ಸರಿ ಮಾಡಿಕೊಂಡರು. “ಆ ಪಳಗಿದಾಂವ ನಾನರೀ.”

ಗುರುಸಿದ್ದಯ್ಯನಿಗೆ ಕುರ್ಚಿ ಎಲ್ಲಿದೆಯೆಂದೇ ತಿಳಿಯದಾಯಿತು. ಇಬ್ಬರಿಗೂ ಚಹಾ ತರಿಸಿದ. ಮಧ್ಯಾಹ್ನದೊಳಗೆ ಪ್ರಿನ್ಸಿಪಾಲರ ಸಹಿ, ಮೊಹರಿನ ಶಿಕ್ಕ ಎಲ್ಲ ಆಗಿ ಟಿ.ಸಿ. ಅವಳ ಕೈಗೆ ಬಂತು. ಬರುವಾಗ ಬಸ್ಸಿನಲ್ಲಿ ಅವಳು ಅದನ್ನು ನಾಲ್ಕು ಸಲ ತೆರೆದು ಓದಿದಳು. ಐದನೆಯ ಸಲ ತೆರೆದಾಗ ಕರಿಬಸಪ್ಪನವರು ಕಿಟಕಿಯ ಹೊರಗೆ ನೋಡುತ್ತ, “ಅಕ್ಷರ ಅಳಸ್ಯಾವು” ಎಂದರು.

ಮೂವತ್ತೊಂದನೆಯ ತಾರೀಖು ಬುಧವಾರ. ಎರಡು ದಿನದ ಬಸ್ಸಿನ ದಾರಿಗೆ ಕರಿಬಸಪ್ಪನವರ ಕಾಲು ಬಾತು, ಎದ್ದು ನಿಲ್ಲುವಂತಿರಲಿಲ್ಲ. ನಾಗಭೂಷಣನದು ಬೆಳಗಿನ ಪಾಳಿ. ಫಾರಮಿನ ಪೋಷಕರ ಜಾಗದಲ್ಲಿ ಅವನು ಹಿಂದಿನ ಸಂಜೆಯೇ, ತಂದೆ ನೋಡುತ್ತಿರುವಂತೆಯೇ, ಸಹಿ ಹಾಕಿಟ್ಟಿದ್ದ. ಹಾಕಿದ ಮೇಲೆ ಹೆಂಡತಿಯ ಕಡೆ ನೋಡಿ, “ಇದು ಮೊದಲ ಮಾಡಬೇಕಿತ್ತು” ಎಂದಿದ್ದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಹಾಗಾಗಿ ಸೊಸೆಯ ಜೊತೆ ಹೊರಟವಳು ಲಿಂಗಮ್ಮ. ಇಳಕಲ್ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು, ಬಿಸಿಲಿಗೆ ಕೈ ಅಡ್ಡ ಹಿಡಿದು ನಡೆದಳು. ಗೇಟಿನ ಹತ್ತಿರ ಹುಡುಗಿಯರು ಗುಂಪುಗುಂಪಾಗಿ ನಿಂತು ನಗುತ್ತಿದ್ದರು. ಲಿಂಗಮ್ಮ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತದ್ದರಿಂದ ಕಿಟಕಿ ಮುಟ್ಟುವಷ್ಟರಲ್ಲಿ ಹನ್ನೊಂದೂವರೆಯಾಯಿತು.

ವೆಂಕಟಗಿರಿ ಟಿ.ಸಿ.ಯನ್ನು ಬೆಳಕಿಗೆ ಹಿಡಿದು ನೋಡಿದ. ಶಿಕ್ಕ ನೋಡಿದ. ಆಮೇಲೆ ಪೆನ್ನಿನ ಕ್ಯಾಪು ತೆಗೆದ.

“ಸೀಟು ಒಂದೇ ಉಳ್ದಿತ್ತು. ಅದೃಷ್ಟ ಇದೆ ನಿಮಗೆ. ಇನಿಷಿಯಲ್ ಏನಮ್ಮಾ? ಇಷ್ಟುದ್ದ ಬರೆದ್ರೆ ನಮ್ಮ ರಿಜಿಸ್ಟರ್ ಸಾಕಾಗಲ್ಲ.”

“ವಿ. ಅಂತ ಹಾಕ್ರಿ. ವೀರಭದ್ರಪ್ಪ, ನಮ್ಮಪ್ಪಾರು.”

ಅವನು ಬರೆದ. ದಪ್ಪ ರಿಜಿಸ್ಟರಿನ ಒಂದು ಸಾಲಿನಲ್ಲಿ ವಿ. ಬಸವರಾಜೇಶ್ವರಿ, ಎರಡನೆಯ ಬಿ.ಎ. ಮಸಿ ಆರುವ ತನಕ ಅವಳು ಅದನ್ನೇ ನೋಡುತ್ತ ನಿಂತಳು. ಫೀ ಕಟ್ಟಿ, ರಸೀದಿ ತೆಗೆದುಕೊಂಡು, ಹೊರಡೋಣವೆಂದು ತಿರುಗಿದರೆ ಲಿಂಗಮ್ಮ ಅಲ್ಲಾಡಲಿಲ್ಲ. ಕಿಟಕಿಯ ಕಂಬಿ ಹಿಡಿದು ಒಳಗೆ ಬಗ್ಗಿದಳು.

“ಸರ್ರ, ನಿಮ್ಮ ಈ ಬುಕ್ಕಿನ್ಯಾಗ ಜಯದೇವಿ ಅಂತ ಯಾರರ ಅದಾರೇನ್ರಿ?”

“ಯಾಕಮ್ಮಾ? ನಿಮ್ಮ ಕಡೆಯವರಾ?”

“ಹೌದ್ರಿ,” ಎಂದಳು ಲಿಂಗಮ್ಮ. “ನಮ್ಮಾಕೀನ.”

ವೆಂಕಟಗಿರಿಗೆ ಅಂದು ಏನು ಪುರುಸೊತ್ತಿತ್ತೋ, ಹಾಳೆ ಮಗುಚಿದ. ಬೆರಳು ಮೇಲಿಂದ ಕೆಳಗೆ ಇಳಿಯಿತು, ಇನ್ನೊಂದು ಹಾಳೆ, ಮತ್ತೊಂದು ಹಾಳೆ. “ಹಾಂ, ಇದಾರೆ ನೋಡಿ. ಫಸ್ಟ್ ಬಿ.ಎಸ್ಸಿ.ಲಿ ಒಬ್ರು. ಎಚ್. ಜಯದೇವಿ. ಕೆಮಿಸ್ಟ್ರಿ ತಗೊಂಡಿದಾರೆ. ಪಿ.ಯು.ಸಿ.ಲಿ ಫಸ್ಟ್ ಕ್ಲಾಸು. ಕರೆಸ್ಲಾ?”

“ಬ್ಯಾಡ್ರಿ, ಬ್ಯಾಡ್ರಿ. ಓದಲಿ ಆಕಿ. ಯಾಕ ಸುಮ್ನ ಕ್ಲಾಸ ತಪ್ಪಸ್ತೀರಿ?” ಲಿಂಗಮ್ಮ ಗಡಬಡಿಸಿ ಹಿಂದೆ ಸರಿದಳು.

ಗೇಟು ದಾಟಿ ಇಬ್ಬರೂ ಅರ್ಧ ಫರ್ಲಾಂಗು ನಡೆದರು. ಬಿಸಿಲು ಏರಿತ್ತು. ಆಮೇಲೆ ಲಿಂಗಮ್ಮ ನಡಿಗೆ ನಿಧಾನ ಮಾಡಿ ಕೇಳಿದಳು.

“ಈ ಕೆಮಿಸ್ಟ್ರಿ ಅಂದ್ರ ಏನ ಕಲಸ್ತಾರ?”

ಬಸವರಾಜೇಶ್ವರಿ ಓದುತ್ತಿದ್ದದ್ದು ಇತಿಹಾಸ, ಅರ್ಥಶಾಸ್ತ್ರ. ತನಗೆ ತಿಳಿದಷ್ಟನ್ನು ಕೂಡಿಸಿಕೊಂಡು ಹೇಳಿದಳು. “ಯಾವದಕ್ಕ ಏನ ಬೆರಸಿದ್ರ ಏನಾಗತದ, ಎಷ್ಟ ಕಾಸಿದ್ರ ಬಣ್ಣ ಬದಲಾಗತದ, ಅದನ್ನ ಕಲಸ್ತಾರ್ರಿ ಅತ್ತೀ.”

ಲಿಂಗಮ್ಮ ಅದನ್ನು ಮನಸ್ಸಿನಲ್ಲಿ ತೂಗಿ ನೋಡುತ್ತ ಹತ್ತು ಹೆಜ್ಜೆ ನಡೆದಳು.

“ಅಷ್ಟನ? ನಲವತ್ತೆರಡು ವರ್ಷ ಒಲಿ ಮುಂದ ಅದನ್ನ ಮಾಡೀನಿ,” ಎಂದಳು. “ಪಾಸ ಆಗ್ತಾಳ ಬಿಡು ಆಕಿ.”